ಮಾವನ ನಲವತ್ತೊಂದನೇ ಬೆರಕೆ

ಮಗಳ ತಲೆಗೂದಲಿಗೆ ಮೂಗು ತಾಗಿಸಿ ನೋಡುವುದು ನನಗೆ ಚಟವಾಗಿಬಿಟ್ಟಿದೆ. ಶಿಶುವಿಹಾರದಿಂದ ಕರೆದುಕೊಂಡು ಬಂದ ಕೂಡಲೇ, ಅವಳ ಚಪ್ಪಲಿ ಬಿಚ್ಚುವ ಮೊದಲೇ, ನೆತ್ತಿಯ ಮೇಲೊಂದು ಸಲ, ಕಿವಿಯ ಹಿಂದೊಂದು ಸಲ. ಅವಳಿಗೆ ಎರಡು ವರ್ಷ. ಇದೊಂದು ಆಟ ಎಂದುಕೊಂಡು ಕುತ್ತಿಗೆ ಒಳಗೆಳೆದುಕೊಂಡು ನಗುತ್ತಾಳೆ. ಕಳೆದ ವಾರವಿಡೀ ಅಲ್ಲಿ ಬೆಣ್ಣೆ ಬಿಸ್ಕತ್ತಿನ ವಾಸನೆ ಇತ್ತು. ಅವಳು ಬಿಸ್ಕತ್ತು ತಿಂದಿರಲಿಲ್ಲ, ಡಬ್ಬಿಯಲ್ಲಿ ನಾನು ಕಳಿಸಿದ್ದು ಬಾಳೆಹಣ್ಣು. ಸಾಬೂನು ಬದಲಾಯಿಸಿದೆ. ಹೊದಿಕೆ ಬದಲಾಯಿಸಿದೆ. ಬೆಳಿಗ್ಗೆ ತಲೆ ತೊಳೆದೇ ಕಳಿಸಿದೆ. ಸಂಜೆ ಮತ್ತೆ ಅದೇ.

"ಮೂಸಿ ಮೂಸಿ ಮಗೂನ ಸವೆಸಿಬಿಡ್ತೀಯ ನೀನು" ಎಂದು ಅಮ್ಮ ಗೊಣಗಿದಳು.

ಅಮ್ಮನಿಗೆ ಆ ವಾಸನೆಯ ಅರ್ಥ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎಂಟು ತಿಂಗಳ ಹಿಂದೆ ನನ್ನ ಸೋದರಮಾವನನ್ನು ಮೂಲೆಗೆ ಕೂರಿಸಿದ್ದು ಅದೇ ವಾಸನೆ. ಅಥವಾ ಅದಲ್ಲದೆಯೂ ಇರಬಹುದು. ಆ 'ಇರಬಹುದು' ಎಂಬ ಪದವೊಂದು ಮನುಷ್ಯನಾಗಿದ್ದರೆ ನಾನು ಇಷ್ಟು ಹೊತ್ತಿಗೆ ಅದರ ಜುಟ್ಟು ಹಿಡಿದು ಬೀದಿಗೆ ಎಳೆದಿರುತ್ತಿದ್ದೆ.

ಮಾವ ನನ್ನ ಅಮ್ಮನ ತಮ್ಮ. ಎಸೆನ್ಸ್ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬೆರೆಸುವ ಕೆಲಸ ಮಾಡಿದವನು. ಬೇಕರಿಗೆ, ಐಸ್‌ಕ್ರೀಮಿಗೆ, ಮಕ್ಕಳ ಕೆಮ್ಮಿನ ಔಷಧಿಗೆ ಹಾಕುವ ಅನಾನಸು, ವೆನಿಲ್ಲಾ, ಕಿತ್ತಳೆ ಎಲ್ಲವೂ ಅವನ ಕೈಯ ಹನಿಕೊಳವೆಯಿಂದ ಇಳಿದವು. ಬೆರೆಸಿದ್ದನ್ನು ಉದ್ದನೆಯ ಬಿಳಿ ಕಾಗದದ ಪಟ್ಟಿಯಲ್ಲಿ ಅದ್ದಿ ಮೂಸುವುದು ಅಲ್ಲಿನ ಕ್ರಮ. ಅದ್ದಿದ ಕೂಡಲೇ ಒಂದು ಸಲ, ನೂರು ಎಣಿಸಿ ಇನ್ನೊಂದು ಸಲ, ಊಟ ಮುಗಿಸಿ ಬಂದು ಮೂರನೇ ಸಲ. "ಮೊದಲನೇ ಸಲ ವಾಸನೆ ಸುಳ್ಳು ಹೇಳುತ್ತೆ, ಮೂರನೇ ಸಲ ತಪ್ಪೊಪ್ಪಿಕೊಳ್ಳುತ್ತೆ" ಎನ್ನುತ್ತಿದ್ದ. ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಆ ಪಟ್ಟಿಗಳು. ನಾನು ಶಾಲೆಯ ಪುಸ್ತಕಗಳಿಗೆ ಗುರುತಿಗೆ ಇಡುತ್ತಿದ್ದದ್ದೂ ಅವೇ. ನನ್ನ ಗಣಿತದ ಪುಸ್ತಕ ಹತ್ತನೇ ತರಗತಿಯವರೆಗೂ ಏಲಕ್ಕಿಯ ವಾಸನೆ ಬೀರುತ್ತಿತ್ತು.

ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಸೋಮವಾರ ಮಾವಿನಹಣ್ಣು, ಮಂಗಳವಾರ ಪುದೀನ. ದಿನಕ್ಕೊಂದು ಗಂಡನ ಜೊತೆ ಬಾಳೋಕೆ ಯಾವಳು ಒಪ್ತಾಳೆ" ಎನ್ನುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಮಹಡಿಯ ಕೋಣೆಗೆ ಬಂದ. ನನ್ನನ್ನು ಓದಿಸಿದವನು ಅವನೇ. ಸೈಕಲ್ ಕಲಿಸಿದವನೂ ಅವನೇ, ಬಿದ್ದಾಗ ನಕ್ಕವನೂ ಅವನೇ.

ಅವನಿಗಿದ್ದದ್ದು ಎರಡು ದೌರ್ಬಲ್ಯ. ದಿನಕ್ಕೆ ಮೂರು ಸಿಗರೇಟು, ಮತ್ತು ಮೂಗಿನ ಜಂಬ.

ಮಗಳು ಹುಟ್ಟಿದಾಗ ಸಿಗರೇಟಿಗೆ ನಾನೇ ಕತ್ತರಿ ಹಾಕಿದೆ. "ಸಿಗರೇಟು ಸೇದಿದ ಕೈಯಲ್ಲಿ ಮಗೂನ ಮುಟ್ಟಬೇಡ ಮಾವ" ಎಂದೆ. ಅವನು ಬೇಸರಪಟ್ಟುಕೊಳ್ಳಲಿಲ್ಲ. ಮರುವಾರವೇ ಶಿಶುವಿಹಾರದ ಬೀದಿಯಲ್ಲಿರುವ ಆವಿಯ ಅಂಗಡಿಗೆ ಹೋಗಿ, ಬಾಟಲಿಯ ದ್ರವವನ್ನು ಕಾಯಿಸಿ ಆವಿ ಸೇದುವ, ಪೆನ್ನಿನಂಥದ್ದೊಂದು ಯಂತ್ರ ತಂದ. ನಾವು ಆ ಅಂಗಡಿಯನ್ನು ಮೋಡದಂಗಡಿ ಎಂದೇ ಕರೆಯುತ್ತೇವೆ, ಬಾಗಿಲು ತೆರೆದಾಗೆಲ್ಲ ಒಳಗಿಂದ ಒಂದು ಬಿಳಿ ಮುದ್ದೆ ಹೊರಬಂದು ಬೀದಿಯಲ್ಲಿ ಕರಗುತ್ತದೆ. "ಬೆಂಕಿ ಇಲ್ಲ, ಬೂದಿ ಇಲ್ಲ, ಬರೀ ಆವಿ" ಎಂದು ಮಾವ ತೋರಿಸಿದಾಗ ನನಗೆ ಸಮಾಧಾನವೇ ಆಯಿತು. ಕಿಟಕಿ ಪಕ್ಕ ನಿಂತು ಸೇದುತ್ತಿದ್ದ. ಕೋಣೆಯಲ್ಲಿ ಬಿಸ್ಕತ್ತಿನ ಪರಿಮಳ. ಮಗು ಅವನ ತೊಡೆಯ ಮೇಲೆ. ನಾನು ಅಡುಗೆಮನೆಯಲ್ಲಿ ನೆಮ್ಮದಿಯಿಂದ ಹಾಲಿನ ಬಾಟಲಿ ಕುದಿಸುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಒಂದು ವರ್ಷ ಕಳೆಯುವಷ್ಟರಲ್ಲಿ ಮಾವ ಮಹಡಿಯ ಹದಿನಾರು ಮೆಟ್ಟಿಲನ್ನು ಮೂರು ಕಂತಿನಲ್ಲಿ ಹತ್ತತೊಡಗಿದ. ಆಮೇಲೆ ಒಣ ಕೆಮ್ಮು. ಆಮೇಲೆ ಒಂದು ಮಧ್ಯಾಹ್ನ ಬಕೆಟ್ ಎತ್ತಲು ಹೋಗಿ ತುಟಿ ನೀಲಿಯಾಗಿ ಕುಸಿದ. ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದ. ಈಗ ನಡುಮನೆಯ ಕಿಟಕಿಯ ಪಕ್ಕ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, ಗುರುಗುಟ್ಟುವ ಆಮ್ಲಜನಕದ ಯಂತ್ರದ ಜೊತೆ ಕೂರುತ್ತಾನೆ. ಕಾರ್ಖಾನೆಯವರು ಒಳ್ಳೆಯವರು. ಚಿಕಿತ್ಸೆ ಅವರದೇ, ಪಿಂಚಣಿಯೂ ಬರುತ್ತಿದೆ.

ಎದೆಯ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. ಶ್ವಾಸಕೋಶದ ಸಣ್ಣ ಕೊಳವೆಗಳು ಗಾಯವಾಗಿ ಮುಚ್ಚಿಕೊಂಡಿವೆ, ತೆರೆಯುವುದಿಲ್ಲ ಎಂದರು.

"ಇದು ಆ ಯಂತ್ರದಿಂದಾನೇ ಅಲ್ವಾ ಡಾಕ್ಟರ್?" ಎಂದೆ.

"ಇರಬಹುದು."

"ಇರಬಹುದು ಅಂದ್ರೆ?"

"ಅದರಲ್ಲಿರೋ ಎಣ್ಣೆ ಅಂಶ ಇರಬಹುದು. ಪರಿಮಳಕ್ಕೆ ಹಾಕಿರೋದು ಇರಬಹುದು. ಕಾಯೋ ತಂತಿಯ ಲೋಹ ಇರಬಹುದು. ಮೂವತ್ತೊಂದು ವರ್ಷ ಎಸೆನ್ಸ್ ಗಾಳಿ ಉಸಿರಾಡಿದ್ದಾರಲ್ಲ, ಅದೂ ಇರಬಹುದು. ಸಿಗರೇಟೂ ಸೇದಿದ್ದಾರೆ. ಎಲ್ಲಾ ಸೇರಿ ಆಗಿರಬಹುದು. ಸೋಂಕು ಅಲ್ಲ ಅನ್ನೋದಷ್ಟೇ ನಾನು ಗಟ್ಟಿಯಾಗಿ ಹೇಳಬಲ್ಲೆ."

"ಯಾರಿಗೆ ಗೊತ್ತಿರುತ್ತೆ ಹಾಗಾದ್ರೆ?"

"ಸದ್ಯಕ್ಕೆ ಯಾರಿಗೂ ಇಲ್ಲಮ್ಮ. ಅದಕ್ಕೇ ಆರೋಗ್ಯ ಇಲಾಖೆಯವರು ಇಂಥ ಕೇಸುಗಳನ್ನ ಕೂಡಿಹಾಕ್ತಿದಾರೆ. ಅವರು ಸೇದಿದ ಬಾಟಲಿ ಸಿಕ್ಕರೆ, ಯಾರು ಬೆರೆಸಿದ್ದು, ಏನೇನು ಹಾಕಿದ್ದು ಅಂತ ಗೊತ್ತಾದ್ರೆ, ಈ ನಂಬರಿಗೆ ಫೋನ್ ಮಾಡಿ" ಎಂದು ಚೀಟಿ ಬರೆದುಕೊಟ್ಟರು.

ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಬಾಟಲಿ ಮಾತ್ರ ಇರಲಿಲ್ಲ. ಮಾವ ಆಸ್ಪತ್ರೆ ಸೇರಿದ ದಿನವೇ, ಮಗುವಿನ ಕೈಗೆ ಸಿಕ್ಕೀತು ಎಂಬ ಭಯಕ್ಕೆ, ಅವನ ಯಂತ್ರ, ಬಾಟಲಿ ಎಲ್ಲವನ್ನೂ ನಾನು ಕುದಿನೀರಿನಲ್ಲಿ ತೊಳೆದು ಕಸದ ಗಾಡಿಗೆ ಹಾಕಿದ್ದೆ. ಹೊಡೆಯೋಣ ಎಂದು ಕೈ ಎತ್ತಿದರೆ ಎದುರಿಗೆ ಐದು ಇರಬಹುದುಗಳು, ಒಂದಕ್ಕೂ ಕೆನ್ನೆ ಇಲ್ಲ.

ಕೆನ್ನೆ ಇದ್ದದ್ದು ಮೋಡದಂಗಡಿಯವನಿಗೆ. ನುಣ್ಣಗೆ ಕತ್ತರಿಸಿದ ಗಡ್ಡ, ಗಾಜಿನ ಕಟ್ಟೆಯ ಹಿಂದೆ ಬಣ್ಣಬಣ್ಣದ ಬಾಟಲಿಗಳ ಸಾಲು, ಮೂಲೆಯಲ್ಲಿ ಮೆತ್ತನೆಯ ಸೋಫಾ. ನಾನು ಹೋಗಿ ಮಾವನ ಸ್ಥಿತಿ ಹೇಳಿದೆ.

"ಛೆ, ಕೇಳಿ ತುಂಬಾ ಬೇಜಾರಾಯ್ತು ಮೇಡಂ. ಡಾಕ್ಟರು ನಮ್ಮ ಮಾಲಿಂದಾನೇ ಅಂದ್ರಾ?"

"ಇರಬಹುದು ಅಂದ್ರು."

"ನೋಡಿ. ಅಷ್ಟು ಓದಿದ ಡಾಕ್ಟರಿಗೇ ಗೊತ್ತಿಲ್ಲ. ನೀವು ನಾನು ಏನು ಹೇಳೋಣ" ಎಂದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ಅಂಗಡಿಯಿಂದ ಹೊರಗೆ ಸಾಗಹಾಕಿದ.

ಅಂದಿನಿಂದ ನಾನು ಕೆಮ್ಮತೊಡಗಿದೆ. ಬೆಳಿಗ್ಗೆ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು, ಕೆಲಸಕ್ಕೆ ಹೋಗುವ ಮೊದಲು ಹತ್ತು ನಿಮಿಷ ಅವನ ಅಂಗಡಿಯ ಎದುರು ನಿಂತು ಕೆಮ್ಮುವುದು. ಸುಮ್ಮನೆ ಕೆಮ್ಮಲ್ಲ, ಮಾವನ ಕೆಮ್ಮು. ಎರಡು ಚಿಕ್ಕದು, ಒಂದು ಉದ್ದದ್ದು, ಕೊನೆಗೆ ಗಾಳಿಗಾಗಿ ಬಾಯಿ ತೆರೆದು ಒಂದು ಕ್ಷಣ ನಿಲ್ಲುವುದು. ಅಭ್ಯಾಸ ಮಾಡಿ ಕಲಿತಿದ್ದೆ. ಬಾಟಲಿ ಕೊಳ್ಳಲು ಬಂದವರು ಯಾರಾದರೂ "ಹುಷಾರಿಲ್ವಾ?" ಎಂದು ಕೇಳಿದರೆ, "ಇಲ್ಲಿಂದಾನೇ ತಗೊಂಡಿದ್ದು" ಎನ್ನುತ್ತಿದ್ದೆ. ಮೊದಲ ವಾರ ಆರು ಜನ ಹಿಂದಕ್ಕೆ ಹೋದರು. ಆರು ಸಲ ನನ್ನ ಹೊಟ್ಟೆ ತಣ್ಣಗಾಯಿತು. ಎರಡನೇ ವಾರ ಅವನೇ ಹೊರಗೆ ಬಂದು ಗಾಜಿನ ಲೋಟ ಚಾಚಿದ. "ನೀರು ಕುಡೀರಿ ಮೇಡಂ, ಗಂಟಲು ಒಣಗಿರುತ್ತೆ."

ಆ ಲೋಟವನ್ನು ಅವನ ಗಡ್ಡಕ್ಕೆ ಎರಚಬೇಕಿತ್ತು. ಎರಚಲಿಲ್ಲ, ಕುಡಿದೆ. ಇಂದಿಗೂ ಅದೇ ಬೇಸರ.

ಕೆಮ್ಮಿನಿಂದ ಅಂಗಡಿ ಮುಚ್ಚುವುದಿಲ್ಲ ಎಂದು ಗೊತ್ತಾದ ಮೇಲೆ ನನಗೊಂದು ಉಪಾಯ ಹೊಳೆಯಿತು. ಅಲ್ಲಿ ಅತಿ ಹೆಚ್ಚು ಹೋಗುವ ಬಾಟಲಿ ಬೆಣ್ಣೆ ಬಿಸ್ಕತ್ತಿನದು. ಅದನ್ನು ಕೊಂಡು ಮಾವನ ಮುಂದೆ ಇಟ್ಟೆ. ಉಸಿರು ಹೋಗಿದೆ, ಮೂಗು ಹೋಗಿಲ್ಲವಲ್ಲ.

"ಇದರಲ್ಲಿ ಏನೇನು ವಿಷ ಸುರಿದಿದಾನೆ ಹೇಳು ಮಾವ. ನಿನ್ನ ಮೂಗಿಗಿಂತ ದೊಡ್ಡ ಪ್ರಯೋಗಾಲಯ ಎಲ್ಲಿದೆ. ನೀನು ಹೇಳಿದ್ದನ್ನ ಬರೆದು ಅವನ ಮುಖಕ್ಕೆ ಎಸೀತೀನಿ."

ಮಾವ ಬಾಟಲಿಯನ್ನು ನೋಡಿದ, ನನ್ನನ್ನು ನೋಡಿದ. ಮೂಗಿನ ನಳಿಗೆ ಕಳಚಿಟ್ಟು, ಕಾಗದದ ಪಟ್ಟಿ ಅದ್ದಿ, ಗಾಳಿಯಲ್ಲಿ ಎರಡು ಸಲ ಆಡಿಸಿ ಮೂಸಿದ. ನೂರು ಎಣಿಸಿದ. ನಾನೂ ಜೊತೆಗೆ ಎಣಿಸಿದೆ. ಮತ್ತೆ ಮೂಸಿದ.

"ಬೆಣ್ಣೆ ಒಂಬತ್ತು ಹನಿ" ಎಂದ. "ವೆನಿಲ್ಲಾ ನಾಲ್ಕು. ಸುಟ್ಟ ಸಕ್ಕರೆ ಎರಡು."

ನಾನು ಬರೆದುಕೊಳ್ಳುತ್ತಿದ್ದೆ.

"ಬೆಣ್ಣೆ ಒಂದು ಹನಿ ಜಾಸ್ತಿಯಾಯ್ತು ಅಂತ ಆಗಲೇ ಅನಿಸಿತ್ತು."

"ಆಗಲೇ ಅಂದ್ರೆ ಯಾವಾಗ?"

"ಬೆರೆಸೋವಾಗ."

ಪೆನ್ನು ನಿಂತಿತು. ಮಾವ ನಳಿಗೆಯನ್ನು ಮತ್ತೆ ಸಿಕ್ಕಿಸಿಕೊಂಡು, ಎರಡು ಮಾತಿಗೊಮ್ಮೆ ನಿಲ್ಲುತ್ತಾ ಹೇಳಿದ. ಮೊದಲ ಸಲ ಅಂಗಡಿಗೆ ಹೋದಾಗ ಅಂಗಡಿಯವನು ಕೊಟ್ಟ ಸ್ಟ್ರಾಬೆರಿ ಬಾಟಲಿ ಮೂಸಿ, "ಇದು ಸ್ಟ್ರಾಬೆರಿ ಅಲ್ಲಪ್ಪ, ಸ್ಟ್ರಾಬೆರಿ ಹೆಣ" ಎಂದನಂತೆ. ಅಂಗಡಿಯವನು ಜಾಣ. "ಹಾಗಾದ್ರೆ ಜೀವ ಇರೋದನ್ನ ನೀವೇ ಮಾಡಿಕೊಡಿ ಮೇಷ್ಟ್ರೇ" ಎಂದ. ಮೇಷ್ಟ್ರೇ ಎಂದು ಮಾವನನ್ನು ಕಾರ್ಖಾನೆಯಲ್ಲಿ ಯಾರೂ ಕರೆದಿರಲಿಲ್ಲ. ಕಾರ್ಖಾನೆಯಲ್ಲಿ ಬಿಸ್ಕತ್ತಿಗೆಂದು ಬೆರೆಸುವ ಬೆಣ್ಣೆ ಎಸೆನ್ಸನ್ನು ಸಣ್ಣ ಸೀಸೆಯಲ್ಲಿ ಜೇಬಿಗಿಳಿಸಿ ತಂದ. ಒಂದೊಂದಾಗಿ ನಲವತ್ತು ಬೆರಕೆ ಮಾಡಿ ಚೆಲ್ಲಿದ. ನಲವತ್ತೊಂದನೆಯದು ಕುದುರಿತು. ಅರ್ಧ ಲೀಟರ್ ಮಾಡಿಕೊಟ್ಟ, ಹನಿಗಳ ಲೆಕ್ಕವನ್ನೂ ಬರೆದುಕೊಟ್ಟ. ಅಂದಿನಿಂದ ದಿನವಿಡೀ ತಾನೂ ಅದನ್ನೇ ಸೇದಿದ.

"ಸೀಸೆ ಮೇಲೆ ಬರೆದಿರುತ್ತೆ, ಆಹಾರಕ್ಕೆ ಸುರಕ್ಷಿತ ಅಂತ" ಎಂದ. "ಮೂವತ್ತೊಂದು ವರ್ಷ ಆ ಚೀಟಿ ಅಂಟಿಸಿದೀನಿ. ಬಾಯಿಗೆ ಆಗೋದು ಎದೆಗೆ ಆಗಲ್ಲ ಅಂತ ನನಗೆ ಹೊಳೀಲೇ ಇಲ್ಲ ಕಣೇ. ನಮ್ಮಲ್ಲಿ ಯಾರಿಗೂ ಹೊಳೀತಿರಲಿಲ್ಲ. ತಿನ್ನೋ ಸಾಮಾನು ತಾನೇ."

"ಹಾಗಾದ್ರೆ ಅದೇ ನಿನ್ನನ್ನ..."

"ಅದೂ ಗೊತ್ತಿಲ್ಲ. ಅದೇ ಬೆಣ್ಣೇನ ಬೆರೆಸೋ ಕೋಣೇಲೂ ಉಸಿರಾಡಿದೀನಿ." ಸ್ವಲ್ಪ ಹೊತ್ತು ಗಾಳಿ ಕೂಡಿಸಿಕೊಂಡ. "ಆಸ್ಪತ್ರೆಯಿಂದಾನೇ ಅವನಿಗೆ ಫೋನ್ ಮಾಡಿದ್ದೆ. ಮಾರೋದು ನಿಲ್ಸಪ್ಪ, ಅನುಮಾನ ಇದೆ ಅಂದೆ. ಖಚಿತ ಆಗ್ಲಿ ಮೇಷ್ಟ್ರೇ, ಆಮೇಲೆ ನೋಡೋಣ ಅಂದ."

ಅವನಿಗೆ ಗೊತ್ತಿತ್ತು. ನನ್ನ ಕೈಗೆ ನೀರಿನ ಲೋಟ ಕೊಟ್ಟ ದಿನವೂ ಗೊತ್ತಿತ್ತು.

ಇಷ್ಟಾದ ಮೇಲೆ ನಾನು ಫ್ರಿಜ್ಜಿನ ಮೇಲಿನ ನಂಬರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಯಾರು ಬೆರೆಸಿದ್ದು ಎನ್ನುವುದೇ ಅವರ ಮೊದಲ ಪ್ರಶ್ನೆ. ಕಾರ್ಖಾನೆಯಿಂದ ಸೀಸೆ ಹೊರತಂದದ್ದು ತಿಳಿದರೆ ಮಾವನ ಚಿಕಿತ್ಸೆ, ಪಿಂಚಣಿ, ಮೂವತ್ತೊಂದು ವರ್ಷದ ಒಳ್ಳೆಯ ಹೆಸರು, ಎಲ್ಲಕ್ಕೂ ಕುತ್ತು. ಬಾಟಲಿಯನ್ನು ಬೀರುವಿನ ಮೇಲೆ, ಮಗುವಿನ ಕೈಗೆ ಎಟುಕದ ಕಡೆ ಇಟ್ಟೆ. ಅಂಗಡಿಯ ಎದುರು ನಿಲ್ಲುವುದನ್ನೂ ಬಿಟ್ಟೆ.

ಅಂಗಡಿಯವನು ಅದನ್ನು ಗಮನಿಸಿದ್ದ. ಒಂದು ಬೆಳಿಗ್ಗೆ ಶಿಶುವಿಹಾರದ ಗೇಟಿನ ಹತ್ತಿರವೇ ಸಿಕ್ಕಿ, "ಕೆಮ್ಮು ವಾಸಿಯಾಯ್ತಾ ಮೇಡಂ?" ಎಂದ. "ಮೇಷ್ಟ್ರಿಗೆ ನಮಸ್ಕಾರ ಹೇಳಿ. ಅವರ ಕೈಗುಣ ಇನ್ನೂ ಓಡ್ತಾ ಇದೆ. ಪಾಪ, ಕಾರ್ಖಾನೆಯವರಿಗೆ ಸೀಸೆ ವಿಷ್ಯ ಗೊತ್ತಿಲ್ಲ ಅನ್ಸುತ್ತೆ, ಅಲ್ವಾ?"

ಮನೆಗೆ ಬಂದು ಹಿಟ್ಟು ನಾದಿದೆ. ಅದು ಹಿಟ್ಟಾಗಿರಲಿಲ್ಲ, ಅವನ ಮುಖವಾಗಿತ್ತು. "ಎಷ್ಟು ಮೆತ್ತಗಾಗಿದೆ ಇವತ್ತು" ಎಂದು ಅಮ್ಮ ಹೊಗಳಿದಳು. ಅಂಗಡಿಗೆ ಬೆಂಕಿ ಬೀಳಲಿ ಎಂದುಕೊಂಡೆ, ಪಕ್ಕದಲ್ಲೇ ಶಿಶುವಿಹಾರ ಇದೆಯೆಂದು ನೆನಪಾಗಿ ಬೆಂಕಿಯನ್ನು ವಾಪಸ್ ತೆಗೆದುಕೊಂಡೆ. ಅವನ ಗಾಜಿನ ಕಟ್ಟೆ ಒಡೆಯಲಿ, ಅವನಿಗೆ ಮೂಗು ಕಟ್ಟಲಿ, ಆಜನ್ಮ ಯಾವ ವಾಸನೆಯೂ ತಿಳಿಯದೆ ಹೋಗಲಿ. ಶಾಪ ಕೊಡುವುದರಲ್ಲೂ ನಾನು ಹೆದರುಪುಕ್ಕಿ. ಕೊಟ್ಟ ಶಾಪ ಯಾವ ಮಗುವಿಗಾದರೂ ತಗುಲೀತೇ ಎಂದು ಎರಡು ಸಲ ಯೋಚಿಸುತ್ತೇನೆ.

ಅಷ್ಟರಲ್ಲಿ ಮಗಳ ಕೂದಲಿನಲ್ಲಿ ಆ ವಾಸನೆ ಬಂತು.

ಮನೆಯಲ್ಲಿ ಯಾರೂ ಸೇದುವುದಿಲ್ಲ. ಬೀರುವಿನ ಮೇಲಿನ ಬಾಟಲಿಯ ಮುಚ್ಚಳ ಬಿಗಿಯಾಗಿಯೇ ಇತ್ತು, ದಿನಕ್ಕೆ ನಾಲ್ಕು ಸಲ ಕುರ್ಚಿ ಹಾಕಿಕೊಂಡು ಹತ್ತಿ ನೋಡಿದೆ. ಐದು ದಿನ ಹೀಗಾದ ಮೇಲೆ, ನಿನ್ನೆ ಮಧ್ಯಾಹ್ನ ಹೇಳದೆ ಕೇಳದೆ ಶಿಶುವಿಹಾರಕ್ಕೆ ಹೋದೆ. ಮಕ್ಕಳು ಸಾಲಾಗಿ ಮಲಗಿದ್ದರು. ಹಿಂದಿನ ಬಾಗಿಲಲ್ಲಿ ಆಯಾ ಕೂತಿದ್ದಳು. ಇಪ್ಪತ್ತೆರಡು ವರ್ಷದ ಹುಡುಗಿ, ನನ್ನ ಮಗಳು ಅವಳ ಭುಜದ ಮೇಲೆ ಮಾತ್ರ ನಿದ್ದೆ ಮಾಡುತ್ತಾಳೆ. ಈಗಲೂ ಭುಜದ ಮೇಲೆ ನನ್ನ ಮಗಳಿದ್ದಳು. ಇನ್ನೊಂದು ಕೈಯಲ್ಲಿ ಪೆನ್ನಿನಂಥ ಯಂತ್ರ. ಮುಖವನ್ನು ಆಚೆ ತಿರುಗಿಸಿ ಬಿಡುತ್ತಿದ್ದಳು. ಗಾಳಿ ಅದನ್ನು ಹಾಗೇ ಈಚೆಗೆ ತರುತ್ತಿತ್ತು.

ಮಗುವನ್ನು ಕಿತ್ತುಕೊಂಡೆ. ಹೊಡೆಯಲೆಂದೇ ಕೈ ಎತ್ತಿದ್ದೆ. ಅವಳು ಗಾಬರಿಯಿಂದ ಎದ್ದು ನಿಂತು ಕೆಮ್ಮಿದಳು. ಎರಡು ಚಿಕ್ಕದು, ಒಂದು ಉದ್ದದ್ದು. ಕೊನೆಗೆ ಬಾಯಿ ತೆರೆದು ಒಂದು ಕ್ಷಣ ನಿಂತಳು.

ಆ ಕೆಮ್ಮನ್ನು ನಾನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದವಳು. ಎತ್ತಿದ ಕೈ ಇಳಿಯಿತು.

"ಎಷ್ಟು ದಿನದಿಂದ ಇದೆ ಈ ಕೆಮ್ಮು?"

"ಶೀತ ಅಕ್ಕ, ಹೋಗುತ್ತೆ. ಇದು ಸಿಗರೇಟಲ್ಲ, ದೇವರಾಣೆ. ಬಿಸ್ಕತ್ತಿಗೆ ಹಾಕೋದೇ ಅಂತೆ. ಯಾರೋ ಎಸೆನ್ಸ್ ಕಾರ್ಖಾನೆ ಮೇಷ್ಟ್ರು ಖುದ್ದಾಗಿ ಬೆರೆಸಿದ್ದು, ಮೂವತ್ತು ವರ್ಷದ ಅನುಭವ, ಅದಕ್ಕೇ ಏನೂ ಆಗಲ್ಲ ಅಂತ ಅಂಗಡಿಯವ್ರು ಹೇಳಿದ್ರು. ಮಕ್ಕಳ ಹತ್ರ ಇರ್ತೀನಲ್ಲ ಅಂತ ಕೇಳೇ ತಗೊಂಡೆ."

ಮಾವನನ್ನು ಮಲಗಿಸಿದ್ದು ಸಾಲದೆ, ಅವನ ಹೆಸರನ್ನು ಚೀಟಿಯ ಹಾಗೆ ಬಾಟಲಿಗೆ ಅಂಟಿಸಿ ಮಾರುತ್ತಿದ್ದ ಆ ಅಂಗಡಿಯವನು.

ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಅಮ್ಮ ಗೋಡೆಗೆ ಒರಗಿ ಕೂತಳು. ಮಾವ ಕಿಟಕಿಯ ಕಡೆ ನೋಡುತ್ತಿದ್ದ.

"ಆ ಹುಡುಗಿಗೆ ಎಷ್ಟು ವಯಸ್ಸು ಅಂದೆ?"

"ಇಪ್ಪತ್ತೆರಡು."

"ಹೂಂ." ನಳಿಗೆ ಸರಿಮಾಡಿಕೊಂಡ. ಆಮೇಲೆ, "ಆ ಚೀಟಿ ತಗೊಂಡು ಬಾ. ಫೋನ್ ಮಾಡು" ಎಂದ.

"ಬಾಟಲಿ ಸಿಕ್ತು ಅಂತ ಅಷ್ಟೇ ಹೇಳ್ತೀನಿ ಮಾವ. ನಿನ್ನ ಹೆಸರು ಬೇಡ."

"ದಡ್ಡಿ. ನಿನ್ನನ್ನ ಓದ್ಸಿದ್ದು ದಂಡವಾಯ್ತು." ತುಟಿಯಲ್ಲಿ ನಗು ಇತ್ತು, ಕಣ್ಣಲ್ಲಿ ಇರಲಿಲ್ಲ. "ನನ್ನ ಹೆಸರು ನೀನು ಹೇಳದಿದ್ರೆ ಅವನು ಹೇಳ್ತಾನೆ. ಮೇಷ್ಟ್ರು ಕೊಟ್ರು, ನನಗೇನು ಗೊತ್ತು ಅಂತಾನೆ. ಪಾರಾಗಿಬಿಡ್ತಾನೆ. ಮೊದಲು ನನ್ನನ್ನ ಒಪ್ಪಿಸು. ಆಮೇಲೆ ನಾನು ಫೋನ್ ಮಾಡಿದ ತಾರೀಕು ಹೇಳು. ನಿಲ್ಸು ಅಂದಿದ್ದು, ಅವನು ನಿಲ್ಲಿಸದೇ ಇದ್ದಿದ್ದು. ನನ್ನ ಫೋನಲ್ಲಿ ಆ ಕಾಲ್ ದಾಖಲೆ ಇನ್ನೂ ಇದೆ, ಅಳಿಸಿಲ್ಲ."

"ಪಿಂಚಣಿ ಹೋಗುತ್ತೋ" ಎಂದಳು ಅಮ್ಮ.

"ಹೋಗ್ಲಿ ಬಿಡಕ್ಕ. ಅದನ್ನ ಸೇದೋಕಾಗಲ್ಲ."

ಎಂಟು ತಿಂಗಳಿಂದ ನಾನೊಬ್ಬಳೇ ಹಗೆ ಸಾಕುತ್ತಿದ್ದೇನೆ, ಮಾವ ಕ್ಷಮಿಸಿ ಕೂತಿದ್ದಾನೆ ಎಂದುಕೊಂಡಿದ್ದೆ. ಅವನು ಎಣಿಸುತ್ತಾ ಕೂತಿದ್ದ.

ಇವತ್ತು ಬೆಳಿಗ್ಗೆ ಮಗಳನ್ನು ಮನೆಯಲ್ಲೇ ಉಳಿಸಿಕೊಂಡೆ. ಆಯಾಳನ್ನು ಎದೆಯ ಡಾಕ್ಟರಮ್ಮನ ಹತ್ತಿರ ಅಮ್ಮ ಕರೆದುಕೊಂಡು ಹೋದಳು. "ನನ್ನ ಮಗಳ ವಯಸ್ಸಿನೋಳು" ಎಂದು ಬೈಯುತ್ತಲೇ ಹೋದಳು. ನಾನು ಬೀರುವಿನ ಮೇಲಿಂದ ಬಾಟಲಿ ಇಳಿಸಿ ಮಾವನ ಮುಂದಿಟ್ಟೆ. ಅವನು ಬೆರಕೆಗಳ ಹಳೇ ನೋಟುಪುಸ್ತಕ ತೆರೆದು ನಲವತ್ತೊಂದನೇ ಪುಟದ ಮೇಲೆ ಬೆರಳಿಟ್ಟ. ನಂಬರ್ ಒತ್ತಿದೆ. ಮೂರು ಸಲ ರಿಂಗ್ ಆಯಿತು. ಇಟ್ಟುಬಿಡೋಣ ಅನಿಸಿತು.

"ಹೇಳಿ" ಎಂದಿತು ಒಂದು ಹೆಣ್ಣು ದನಿ.

ಬಾಟಲಿ ಇದೆ, ರೋಗಿ ಇದ್ದಾರೆ, ಇನ್ನೊಬ್ಬಳು ಕೆಮ್ಮುತ್ತಿದ್ದಾಳೆ ಎಂದೆ. ಆ ಕಡೆ ಕೀಲಿಮಣೆಯ ಸದ್ದು.

"ಬೆರೆಸಿದ್ದು ಯಾರು ಅಂತ ಗೊತ್ತಾ?"

ಹೇಳು ಎಂಬಂತೆ ಮಾವ ತಲೆಯಾಡಿಸಿದ.

"ನನ್ನ ಸೋದರಮಾವ. ರೋಗಿಯೂ ಅವರೇ. ಪಕ್ಕದಲ್ಲೇ ಇದ್ದಾರೆ. ಬರ್ಕೊಳ್ಳಿ."

ಅವನು ಉಸಿರಿಗೊಂದರಂತೆ ಹೇಳಿದ, ನಾನು ಫೋನಿಗೆ ದಾಟಿಸಿದೆ. ಬೆಣ್ಣೆ ಒಂಬತ್ತು. ವೆನಿಲ್ಲಾ ನಾಲ್ಕು. ಸುಟ್ಟ ಸಕ್ಕರೆ ಎರಡು. ಆಮೇಲೆ ತಾರೀಕು, ಫೋನ್ ಮಾಡಿದ ಗಂಟೆ, ಅಂಗಡಿಯವನು ಕೊಟ್ಟ ಉತ್ತರ.

"ಇದರಿಂದಲೇ ಆಯ್ತು ಅಂತ ಈಗಲೇ ಹೇಳೋಕಾಗಲ್ಲಮ್ಮ" ಎಂದಳು ಆಕೆ.

"ಗೊತ್ತು. ಇರಬಹುದು ಅಂತ ಬರ್ಕೊಳ್ಳಿ. ಅಂಗಡಿ ಯಾವುದು ಅಂತ ಕೇಳಲಿಲ್ಲ ನೀವು."

"ಹೇಳಿ."

ಅಂಗಡಿಯ ಹೆಸರು ಹೇಳಿದೆ. ಬೀದಿ ಹೇಳಿದೆ, ಬಾಗಿಲ ಮೇಲಿನ ಸಂಖ್ಯೆ ಹೇಳಿದೆ, ಬೆಳಿಗ್ಗೆ ಅವನು ಕೀಲಿ ತೆಗೆಯುವ ಸಮಯ ಹೇಳಿದೆ. ಆಮೇಲೆ, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು, ಎಲ್ಲವನ್ನೂ ಮೊದಲಿನಿಂದ ಇನ್ನೊಂದು ಸಲ ನಿಧಾನವಾಗಿ ಹೇಳಿದೆ.